ಕೀಟನಾಶಕ ಯಾರಿಗೆ ಸೋಕುತ್ತಿದೆ: ಊರವರೇ ದಾಖಲೆ ಇಡುವ ಬಗೆ

ಶಿರಸಿ, ಸಿದ್ದಾಪುರದ ತೋಟಗಳಲ್ಲಿ ಅಡಿಕೆ ಕೊನೆಗೆ (ಗೊಂಚಲಿಗೆ) ಹೊಡೆಯುವ ಬೋರ್ಡೋ ದ್ರಾವಣ (ಮೈಲುತುತ್ತ ಎಂಬ ತಾಮ್ರದ ಲವಣ ಮತ್ತು ಸುಣ್ಣದ ಮಿಶ್ರಣ), ಬನವಾಸಿ ಮತ್ತು ಮುಂಡಗೋಡದ ಕಡೆ ಶುಂಠಿ, ಮೆಕ್ಕೆಜೋಳಗಳಿಗೆ ಹೊಡೆಯುವ ಕೀಟನಾಶಕ, ಗದ್ದೆಯ ಬದುವಿಗೆ ಹೊಡೆಯುವ ಕಳೆನಾಶಕ, ಅಂಕೋಲಾ-ಕುಮಟಾದ ಮರಳು ನೆಲದಲ್ಲಿ ತರಕಾರಿಗೆ ಹೊಡೆಯುವ ಹುಳುವಿನ ಮದ್ದು ಇವೆಲ್ಲವನ್ನೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ‘ಔಷಧಿ’ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಇವುಗಳ ವಿಷದ ಪ್ರಮಾಣ, ಮೈಯನ್ನು ಹೊಕ್ಕುವ ದಾರಿ, ನೀರಿನಲ್ಲಿ ಸಾಗುವ ದೂರ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ. ಹೀಗಿರುವಾಗ ‘ಔಷಧಿ ಹೊಡೆದ ಮೇಲೆ ತಲೆ ಸುತ್ತಿತು’ ಎಂಬ ಮಾತಿನಿಂದ ವೈದ್ಯರಿಗಾಗಲಿ, ಕೃಷಿ ಅಧಿಕಾರಿಗಾಗಲಿ ಏನೂ ತಿಳಿಯುವುದಿಲ್ಲ. ಯಾವ ಔಷಧಿ, ಯಾವ ದಿನ, ಎಷ್ಟು ಹೊತ್ತು, ಗಾಳಿ ಯಾವ ಕಡೆಗಿತ್ತು, ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ಬರೆದಿಟ್ಟ ಊರಿನಲ್ಲಿ ಮಾತ್ರ ಆ ಮಾತಿಗೆ ತೂಕ ಬರುತ್ತದೆ. ಅಂಥ ಬರಹವನ್ನು ಊರವರೇ ಇಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ನಮ್ಮ ಊರಿನಲ್ಲಿ ಈ ಕೆಲಸ ಆರಂಭಿಸಿದಾಗ ನಾವು ನೇರವಾಗಿ ನೀರಿನ ಪರೀಕ್ಷೆಗೆ ಹೋದೆವು. ಬಾವಿಯ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ ಕಳಿಸಿದಾಗ, ಪ್ರಯೋಗಾಲಯದವರು ಯಾವ ರಾಸಾಯನಿಕವನ್ನು ಹುಡುಕಬೇಕೆಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಕೀಟನಾಶಕದ ಪರೀಕ್ಷೆಯಲ್ಲಿ ಹುಡುಕಿದ ವಸ್ತು ಮಾತ್ರ ಸಿಗುತ್ತದೆ, ಹುಡುಕದ್ದು ನೀರಿನಲ್ಲಿದ್ದರೂ ವರದಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಮೊದಲು ಬೇಕಾದದ್ದು ಒಂದು ವಹಿ. ಪ್ರಯೋಗಾಲಯ ಅದರ ನಂತರದ ಮಾತು.

ತುರ್ತಿನ ವಿಷಯವನ್ನು ಮಾತ್ರ ಎಲ್ಲಕ್ಕಿಂತ ಮೊದಲು ಹೇಳಬೇಕು. ಸಿಂಪಡಣೆಯ ದಿನ ಯಾರಿಗಾದರೂ ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಕಣ್ಣೀರು, ವಾಂತಿ, ಭೇದಿ, ಸ್ನಾಯುಗಳ ಅದುರುವಿಕೆ, ಉಸಿರಾಟದ ಕಷ್ಟ ಕಾಣಿಸಿಕೊಂಡರೆ, ಅದರಲ್ಲೂ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿದ್ದರೆ, ಅಂಥವರನ್ನು ಕೂಡಲೇ ಗಾಳಿಯಾಡುವ ಜಾಗಕ್ಕೆ ಕರೆತಂದು, ಬಟ್ಟೆ ತೆಗೆದು, ಮೈಯನ್ನು ಸಾಬೂನು ಮತ್ತು ಸಾಕಷ್ಟು ನೀರಿನಿಂದ ತೊಳೆದು, 108ಕ್ಕೆ ಕರೆ ಮಾಡಬೇಕು. ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು, ಇಲ್ಲವಾದರೆ ವಿಷ ಅವರಿಗೂ ತಗಲುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಡಬ್ಬಿ ಅಥವಾ ಲೇಬಲ್ಲಿನ ಫೋಟೋ ರೋಗಿಯ ಜೊತೆಗೇ ಆಸ್ಪತ್ರೆಗೆ ಹೋಗಬೇಕು. ಆರ್ಗನೋಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕಗಳ ವಿಷಕ್ಕೆ ಅಟ್ರೋಪಿನ್ ಎಂಬ ಪ್ರತಿವಿಷ ಇದೆ, ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಇಂಥ ವ್ಯತ್ಯಾಸವನ್ನು ವೈದ್ಯರು ತಿಳಿಯುವುದು ಆ ಲೇಬಲ್ಲಿನಿಂದ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ಈ ಸಂಖ್ಯೆಯನ್ನು ವಹಿಯ ಮೊದಲ ಪುಟದಲ್ಲಿಯೇ ದೊಡ್ಡ ಅಕ್ಷರದಲ್ಲಿ ಬರೆದಿಡಿ.

ಯಾರು ಸೇರಬೇಕು

ಎಂಟು-ಹತ್ತು ಜನರ ಗುಂಪು ಸಾಕು, ಆದರೆ ಅದರಲ್ಲಿ ಔಷಧಿ ಹೊಡೆಯುವವರು ಇರಲೇಬೇಕು. ಮರ ಹತ್ತುವ ಕೊನೆಗಾರರು, ದೋಟಿ (ಉದ್ದನೆಯ ಕೋಲು) ಹಿಡಿಯುವವರು, ಕೆಳಗೆ ನಿಂತು ಪೈಪು ಎಳೆಯುವವರು, ಡ್ರಮ್ಮಿನಲ್ಲಿ ಮಿಶ್ರಣ ಮಾಡುವವರು ಇವರೇ ಎಲ್ಲರಿಗಿಂತ ಹೆಚ್ಚು ವಿಷಕ್ಕೆ ಸಿಗುವವರು. ಇವರಿಲ್ಲದೆ ತೋಟದ ಒಡೆಯರೂ ಶಿಕ್ಷಕರೂ ಕುಳಿತು ಬರೆದ ವಹಿ ಅರ್ಧ ಸತ್ಯವಾಗುತ್ತದೆ. ಸಿಂಪಡಣೆಯ ಬಟ್ಟೆ ಒಗೆಯುವ ಹೆಂಗಸರನ್ನೂ ಮರುದಿನ ಅದೇ ಗದ್ದೆಗೆ ಕಳೆ ಕೀಳಲು ಇಳಿಯುವವರನ್ನೂ ಮರೆಯಬಾರದು. ಇವರು ಪಂಪು ಮುಟ್ಟದವರಾದ್ದರಿಂದ ತಮಗೇನೂ ಸೋಕಿಲ್ಲವೆಂದೇ ತಿಳಿದಿರುತ್ತಾರೆ. ಆಶಾ ಕಾರ್ಯಕರ್ತೆ ಮತ್ತು ಊರಿನ ಒಬ್ಬ ವಿಜ್ಞಾನ ಶಿಕ್ಷಕರು ಜೊತೆಗಿದ್ದರೆ ಬರಹ ಶಿಸ್ತಾಗಿ ಸಾಗುತ್ತದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣ ಸಮಿತಿಯಲ್ಲಿ ಒಮ್ಮೆ ವಿಷಯ ಮಂಡಿಸಿದರೆ ಕೆಲಸಕ್ಕೊಂದು ನೆಲೆ ಸಿಗುತ್ತದೆ.

ಬೆಳೆಗಾರರನ್ನು ಎದುರುಪಕ್ಷವೆಂದು ನೋಡಿದರೆ ಈ ಕೆಲಸ ಮೊದಲ ವಾರವೇ ನಿಲ್ಲುತ್ತದೆ ಎಂಬುದು ನನ್ನ ಅನುಭವ. ಕೊಳೆರೋಗದಿಂದ ವರ್ಷದ ಫಸಲನ್ನೇ ಕಳೆದುಕೊಂಡ ಮನೆಯವರಿಗೆ ಔಷಧಿ ಹೊಡೆಯಬೇಡಿ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಕೇಳಬೇಕಾದದ್ದು ‘ಯಾವುದನ್ನು, ಹೇಗೆ, ಯಾವಾಗ’ ಎಂದು ಮಾತ್ರ. ಕೂಲಿಯವರ ಹೆಸರನ್ನು ವಹಿಯಲ್ಲಿ ಬರೆಯದೆ ಸಂಖ್ಯೆ ಕೊಡಿ, ಹೆಸರು-ಸಂಖ್ಯೆಗಳ ಪಟ್ಟಿಯನ್ನು ಬೇರೆಯಾಗಿ ಒಬ್ಬರ ಬಳಿ ಇಡಿ. ತಲೆನೋವೆಂದು ಹೇಳಿದ್ದಕ್ಕೆ ಮರುದಿನದ ಕೆಲಸ ತಪ್ಪೀತು ಎಂಬ ಭಯ ನಿಜವಾದದ್ದು, ಆ ಭಯವಿರುವ ತನಕ ಸರಿಯಾದ ಉತ್ತರ ಬರುವುದಿಲ್ಲ.

ವಹಿಯಲ್ಲಿ ಏನಿರಬೇಕು

ಪ್ರತಿ ಸಿಂಪಡಣೆಗೂ ಒಂದು ಪುಟ. ದಿನಾಂಕ, ಆರಂಭಿಸಿದ ಮತ್ತು ಮುಗಿಸಿದ ಹೊತ್ತು, ಬೆಳೆ, ಜಾಗ, ಔಷಧಿಯ ವ್ಯಾಪಾರದ ಹೆಸರು ಮತ್ತು ಅದರೊಳಗಿನ ರಾಸಾಯನಿಕದ ಹೆಸರು, ಎಷ್ಟು ನೀರಿಗೆ ಎಷ್ಟು, ಯಾವ ಪಂಪು, ಎಷ್ಟು ಜನ, ಮೈಮೇಲೆ ಏನು ಹಾಕಿಕೊಂಡಿದ್ದರು, ಗಾಳಿ ಯಾವ ದಿಕ್ಕಿನಿಂದ ಬರುತ್ತಿತ್ತು, ಎಷ್ಟು ಹೊತ್ತಿನ ಮೇಲೆ ಮಳೆ ಬಿತ್ತು, ನೂರು ಮೀಟರಿನೊಳಗೆ ಮನೆ, ಬಾವಿ, ಅಂಗನವಾಡಿ, ಕೊಟ್ಟಿಗೆ ಯಾವುದಿತ್ತು ಎಂಬುದನ್ನೆಲ್ಲ ಅದೇ ದಿನ ಸಂಜೆಯೊಳಗೆ ಬರೆಯಬೇಕು. ವಾರದ ಮೇಲೆ ನೆನಪಿನಿಂದ ಬರೆದ ಪುಟಕ್ಕೆ ಬೆಲೆ ಕಡಿಮೆ. ಎರಡು ಮೂರು ಔಷಧಿಗಳನ್ನು ಒಂದೇ ಡ್ರಮ್ಮಿನಲ್ಲಿ ಬೆರೆಸುವ ರೂಢಿ ಈಚೆಗೆ ಹೆಚ್ಚಿರುವುದರಿಂದ ಬೆರೆಸಿದ ಪ್ರತಿಯೊಂದನ್ನೂ ಬರೆಯಿರಿ. ಔಷಧಿ ಎಲೆಗೆ ಹಿಡಿಯಲೆಂದು ಬೆರೆಸುವ ಅಂಟು, ಎಲೆಗೊಬ್ಬರಗಳನ್ನೂ ಬಿಡಬೇಡಿ. ಪ್ರಶ್ನೆ ಕೇಳುವಾಗ ‘ಕೀಟನಾಶಕ’ ಎಂಬ ಪದ ಬಳಸಿದರೆ ಕಳೆನಾಶಕವೂ ಬೋರ್ಡೋ ದ್ರಾವಣವೂ ಬಿಟ್ಟುಹೋಗುತ್ತವೆ. ‘ಯಾವ ಯಾವ ಔಷಧಿ ಹೊಡೆದಿರಿ’ ಎಂದೇ ಕೇಳಬೇಕು.

ಡಬ್ಬಿಯ ಮೇಲೆ ಓರೆಯಾಗಿ ನಿಲ್ಲಿಸಿದ ಚೌಕವಿರುತ್ತದೆ, ಅದರ ಕೆಳಗಿನ ತ್ರಿಕೋನದ ಬಣ್ಣವನ್ನು ತಪ್ಪದೆ ಬರೆಯಿರಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು ಅತ್ಯಂತ ತೀವ್ರ ವಿಷ, ಹಳದಿ ಹೆಚ್ಚಿನ ವಿಷ, ನೀಲಿ ಮಧ್ಯಮ, ಹಸಿರು ಕಡಿಮೆ. ಈ ಬಣ್ಣ ಹೇಳುವುದು ತಕ್ಷಣದ ವಿಷವನ್ನು ಮಾತ್ರ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಸೋಕಿದರೆ ಆಗುವ ಹಾನಿಯನ್ನಾಗಲಿ, ಮೀನಿಗೆ, ಜೇನಿಗೆ ಆಗುವ ಹಾನಿಯನ್ನಾಗಲಿ ಅದು ಹೇಳುವುದಿಲ್ಲ. ಡಬ್ಬಿಯೊಂದಿಗೆ ಕೊಡುವ ಕರಪತ್ರದಲ್ಲಿ ವಿಷದ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿವಿಷಗಳ ವಿವರವಿರುತ್ತದೆ. ಅದನ್ನು ವಹಿಗೇ ಅಂಟಿಸಿಡುವುದು ಒಳ್ಳೆಯದು.

ಅಂಗಡಿಯ ರಸೀದಿಯನ್ನೂ ಕೇಳಿ ಪಡೆಯಿರಿ. ಫೋರೇಟ್, ಟ್ರಯಾಜೋಫಾಸ್, ಡೈಕ್ಲೋರ್ವಾಸ್ ಮುಂತಾದ ಕೀಟನಾಶಕಗಳ ಬಳಕೆ ದೇಶದಲ್ಲಿ 2020ರ ಡಿಸೆಂಬರ್ 31ಕ್ಕೆ ಕೊನೆಗೊಳ್ಳಬೇಕೆಂದು 2018ರ ಆದೇಶ ಹೇಳಿತ್ತು. ಮೊನೊಕ್ರೊಟೊಫಾಸ್‌ನ ಶೇ. 36ರ ದ್ರಾವಣವೂ 2023ರಲ್ಲಿ ನಿಷೇಧದ ಪಟ್ಟಿಗೆ ಸೇರಿತು. ಇವುಗಳ ಹಳೆಯ ಡಬ್ಬಿ ಯಾರದಾದರೂ ಅಟ್ಟದಲ್ಲಿ ಸಿಕ್ಕರೆ ಗದರಿಸದೆ ಫೋಟೋ ತೆಗೆದು, ತಯಾರಿಕೆಯ ತಾರೀಕು ಬರೆದುಕೊಂಡು, ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ಅಂಗಡಿಯಲ್ಲಿ ಈಗಲೂ ಮಾರುತ್ತಿದ್ದರೆ ಅದು ಬೇರೆಯೇ ವಿಷಯ, ಆಗ ರಸೀದಿಯ ಸಮೇತ ಕೃಷಿ ಇಲಾಖೆಯ ಕೀಟನಾಶಕ ನಿರೀಕ್ಷಕರಿಗೆ ಲಿಖಿತ ದೂರು ಕೊಡಬೇಕು.

ಶುಂಠಿಯ ಗುತ್ತಿಗೆ ಜಮೀನಿಗೆ ಒಂದು ಎಚ್ಚರಿಕೆ ಬೇಕು. ಗುತ್ತಿಗೆ ಪಡೆದವರು ಒಂದು ಹಂಗಾಮು ಬೆಳೆದು ಹೊರಡುತ್ತಾರೆ, ಅವರೊಂದಿಗೆ ಮಾಹಿತಿಯೂ ಹೊರಡುತ್ತದೆ. ಔಷಧಿಯ ವಿವರವನ್ನು ಜಮೀನಿನ ಒಡೆಯರಿಗೆ ಬರೆದು ಕೊಡಬೇಕೆಂಬ ಸಾಲನ್ನು ಗುತ್ತಿಗೆಯ ಕಾಗದದಲ್ಲಿಯೇ ಸೇರಿಸುವಂತೆ ಒಡೆಯರನ್ನು ಒಪ್ಪಿಸಿ.

ಇಷ್ಟೆಲ್ಲ ಬರಹ ಯಾಕೆಂದು ಕೇಳುವವರಿಗೆ ನಾನು ಗೇರುಗುಡ್ಡಗಳನ್ನು ನೆನಪಿಸುತ್ತೇನೆ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದ್ದರ ಪರಿಣಾಮವನ್ನು ಕಾಸರಗೋಡು, ದಕ್ಷಿಣ ಕನ್ನಡಗಳಲ್ಲಿ ಮಾತ್ರವಲ್ಲ, ನಮ್ಮ ಕರಾವಳಿಯ ಮನೆಗಳಲ್ಲಿಯೂ ಕಂಡಿದ್ದೇವೆ. ಸರ್ಕಾರ ಗುರುತಿಸಿ ಮಾಸಾಶನ ಕೊಡುತ್ತಿರುವ ಸಂತ್ರಸ್ತರು ಉತ್ತರ ಕನ್ನಡದಲ್ಲಿಯೂ ಇದ್ದಾರೆ. ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ತಡೆದದ್ದು 2011ರ ಮೇ 13ರಂದು. ವರ್ಷಗಳ ಮೇಲೆ ಒಂದು ಮಗುವಿನ ಅಂಗವೈಕಲ್ಯಕ್ಕೂ ಒಂದು ಗುಡ್ಡದ ಸಿಂಪಡಣೆಗೂ ಸಂಬಂಧವನ್ನು ತೋರಿಸುವುದು ಎಷ್ಟು ಕಷ್ಟವೆಂಬುದನ್ನು ಆ ಮನೆಗಳವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೈಯ ಲಕ್ಷಣಗಳು ಮತ್ತು ರಕ್ತಪರೀಕ್ಷೆ

ಸಿಂಪಡಿಸಿದ 24 ಗಂಟೆಯೊಳಗೆ ಆಶಾ ಕಾರ್ಯಕರ್ತೆ ಅಥವಾ ಗುಂಪಿನ ಒಬ್ಬರು ಹೋಗಿ ಕೇಳಬೇಕು: ತಲೆನೋವು, ತಲೆಸುತ್ತು, ವಾಕರಿಕೆ, ಕಣ್ಣುರಿ, ಮಂಜಾದ ನೋಟ, ಚರ್ಮದ ತುರಿಕೆ, ಮುಖದಲ್ಲಿ ಚುಮುಗುಟ್ಟುವ ಉರಿ, ಕೆಮ್ಮು, ಎದೆಬಿಗಿತ. ಮುಖದ ಚುಮುಗುಟ್ಟುವಿಕೆ ಪೈರೆಥ್ರಾಯ್ಡ್ ಎಂಬ ಗುಂಪಿನ ಕೀಟನಾಶಕಗಳಲ್ಲಿ ಸಾಮಾನ್ಯ. ಮೈಲುತುತ್ತದಿಂದ ಕಣ್ಣಿಗೆ ತೀವ್ರ ಹಾನಿಯಾಗಬಲ್ಲದು, ಆದ್ದರಿಂದ ದೋಟಿಯಿಂದ ಮೇಲ್ಮುಖವಾಗಿ ಹೊಡೆಯುವವರ ಕಣ್ಣಿನ ವಿಷಯವನ್ನು ಪ್ರತ್ಯೇಕವಾಗಿ ಕೇಳಿ. ಬೆನ್ನಿನ ಪಂಪು ಸೋರಿದರೆ ಬೆನ್ನು, ಸೊಂಟ ಗಂಟೆಗಟ್ಟಲೆ ಒದ್ದೆಯಾಗಿದ್ದು ವಿಷ ಚರ್ಮದ ಮೂಲಕವೇ ಒಳಗಿಳಿಯುತ್ತದೆ. ಬಾಯಿಗೆ ಬಟ್ಟೆ ಕಟ್ಟಿದ್ದೇನೆ ಎನ್ನುವವರು ಸೋರುವ ವಾಷರನ್ನು ಬದಲಾಯಿಸಿರುವುದಿಲ್ಲ.

ಇದೇ ಪ್ರಶ್ನೆಗಳನ್ನು ಅದೇ ದಿನ ಸಿಂಪಡಣೆಗೆ ಹೋಗದ ಕೆಲವರಿಗೂ, ಸಿಂಪಡಣೆ ಇಲ್ಲದ ವಾರದಲ್ಲಿ ಎಲ್ಲರಿಗೂ ಕೇಳಬೇಕು. ಹೋಲಿಕೆಯಿಲ್ಲದ ಲಕ್ಷಣದ ಪಟ್ಟಿಯಿಂದ ಏನನ್ನೂ ಹೇಳಲಾಗದು. ಬಿಸಿಲಿನಲ್ಲಿ ರೈನ್‌ಕೋಟು ತೊಟ್ಟು ದುಡಿದವರಿಗೂ ತಲೆ ಸುತ್ತುತ್ತದೆ. ನಮ್ಮ ಕಡೆ ಮಳೆಗಾಲದ ಇಲಿಜ್ವರವೂ, ಬೇಸಿಗೆಯವರೆಗೆ ಕಾಡುವ ಮಂಗನ ಕಾಯಿಲೆಯೂ ತೋಟದ ಕೆಲಸದವರನ್ನೇ ಹಿಡಿಯುತ್ತವೆ, ಅವುಗಳಲ್ಲಿಯೂ ತಲೆನೋವು, ಮೈಕೈ ನೋವು ಇರುತ್ತವೆ. ಆದಕಾರಣ ಜ್ವರವಿದೆಯೇ ಎಂಬ ಪ್ರಶ್ನೆ ವಹಿಯಲ್ಲಿ ಇರಲೇಬೇಕು. ಜ್ವರವಿದ್ದವರನ್ನು ಔಷಧಿಯ ಮೇಲೆ ಹೊರೆ ಹಾಕದೆ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು.

ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪಿನ ಕೀಟನಾಶಕಗಳನ್ನು ಹೆಚ್ಚಾಗಿ ಬಳಸುವ ಊರಿನಲ್ಲಿ ಕೋಲಿನೆಸ್ಟರೇಸ್ ಎಂಬ ರಕ್ತಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಈ ವಿಷಗಳು ನರಗಳ ಕೆಲಸಕ್ಕೆ ಬೇಕಾದ ಆ ಕಿಣ್ವವನ್ನು ಕುಗ್ಗಿಸುತ್ತವೆ. ಆದರೆ ಆರೋಗ್ಯವಂತರಲ್ಲಿಯೂ ಅದರ ಪ್ರಮಾಣ ಒಬ್ಬರಿಂದ ಒಬ್ಬರಿಗೆ ಬಹಳ ಬೇರೆಯಾಗಿರುವುದರಿಂದ, ಸಿಂಪಡಣೆಯ ಹಂಗಾಮಿಗೆ ಮೊದಲು, ಕನಿಷ್ಠ 30 ದಿನ ಇಂಥ ಔಷಧಿ ಮುಟ್ಟದೆ ಇದ್ದಾಗ ತೆಗೆದ ಅವರದೇ ರಕ್ತದ ಲೆಕ್ಕದೊಂದಿಗೆ ಹೋಲಿಸಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈ ಪ್ರಮಾಣ ಮೊದಲಿನದರ ಶೇ. 80ಕ್ಕಿಂತ ಕೆಳಗಿಳಿದರೆ ಕೆಲಸದ ರೀತಿಯನ್ನು ಪರಿಶೀಲಿಸಬೇಕೆಂದೂ, ಕೆಂಪು ರಕ್ತಕಣದ ಕಿಣ್ವ ಶೇ. 70ಕ್ಕೆ ಅಥವಾ ಪ್ಲಾಸ್ಮಾದ (ರಕ್ತದ ದ್ರವಭಾಗದ) ಕಿಣ್ವ ಶೇ. 60ಕ್ಕೆ ಇಳಿದರೆ ಆ ಕೆಲಸಗಾರರನ್ನು ಸಿಂಪಡಣೆಯಿಂದ ದೂರ ಇಡಬೇಕೆಂದೂ ನಿಯಮವಿದೆ. ಅದೇ ಅಳತೆಯನ್ನು ನಾವೂ ಇಟ್ಟುಕೊಳ್ಳಬಹುದು. ಎರಡೂ ಸಲ ಒಂದೇ ಪ್ರಯೋಗಾಲಯದಲ್ಲಿ, ಒಂದೇ ವಿಧಾನದಲ್ಲಿ ಪರೀಕ್ಷಿಸಬೇಕು. ರಕ್ತವನ್ನು ತಾಲೂಕು ಆಸ್ಪತ್ರೆಯ ವೈದ್ಯರ ಸಲಹೆಯಂತೆ, ವ್ಯಕ್ತಿಯ ಒಪ್ಪಿಗೆಯಿಂದ ಮಾತ್ರ ತೆಗೆಯಬೇಕು. ಬೋರ್ಡೋ ದ್ರಾವಣವನ್ನಷ್ಟೇ ಹೊಡೆಯುವ ತೋಟದವರಿಗೆ ಈ ಪರೀಕ್ಷೆಯಿಂದ ಪ್ರಯೋಜನವಿಲ್ಲ, ತಾಮ್ರ ಈ ಕಿಣ್ವವನ್ನು ಹೀಗೆ ಕುಗ್ಗಿಸುವ ಗುಂಪಿಗೆ ಸೇರಿದ್ದಲ್ಲ.

ಗಾಳಿ ಎಲ್ಲಿಗೆ ಒಯ್ಯುತ್ತದೆ

ಕರಾವಳಿಯಲ್ಲಿ ಚಳಿಗಾಲ, ಬೇಸಿಗೆಗಳ ಮಧ್ಯಾಹ್ನ ಗಾಳಿ ಸಮುದ್ರದಿಂದ ನೆಲಕ್ಕೂ, ರಾತ್ರಿ ಮತ್ತು ನಸುಕಿನಲ್ಲಿ ನೆಲದಿಂದ ಸಮುದ್ರಕ್ಕೂ ಬೀಸುತ್ತದೆ. ಆದ್ದರಿಂದ ಒಂದೇ ತರಕಾರಿ ಗದ್ದೆಯ ತುಂತುರು ಮಧ್ಯಾಹ್ನ ಪೂರ್ವದ ಮನೆಗಳಿಗೆ, ಬೆಳಗ್ಗೆ ಪಶ್ಚಿಮದ ಮನೆಗಳಿಗೆ ಹೋಗುತ್ತದೆ. ಕೋಲಿನ ತುದಿಗೆ ಹತ್ತಿಬಟ್ಟೆಯ ಪಟ್ಟಿ ಕಟ್ಟಿದರೆ ದಿಕ್ಕು ತಿಳಿಯುತ್ತದೆ. ಗಾಳಿಯೇ ಇಲ್ಲದ ಬೆಳಗು ಸುರಕ್ಷಿತವೆಂಬ ನಂಬಿಕೆ ತಪ್ಪು: ಊದಿನಕಡ್ಡಿಯ ಹೊಗೆ ಮೇಲೇರದೆ ಅಡ್ಡಲಾಗಿ ತೇಲುತ್ತಿದ್ದರೆ ತಂಪು ಗಾಳಿ ನೆಲದ ಹತ್ತಿರವೇ ನಿಂತಿದೆಯೆಂದು ಅರ್ಥ, ಆಗ ಸಣ್ಣ ಹನಿಗಳು ಚದುರದೆ ಬಹಳ ದೂರ ಸಾಗುತ್ತವೆ. ಕಣಿವೆಯಲ್ಲಿರುವ ಶಿರಸಿಯ ತೋಟಗಳಲ್ಲಿ ಇದು ಮುಖ್ಯ.

ತುಂತುರು ಎಷ್ಟು ದೂರ ಬಂತೆಂದು ನೋಡಲು ಹನಿ ಬಿದ್ದೊಡನೆ ಹಳದಿಯಿಂದ ನೀಲಿಗೆ ತಿರುಗುವ ಕಾಗದವನ್ನು ಬಳಸುತ್ತಾರೆ. ತೇವ ಹೆಚ್ಚಿರುವ ಹವೆಯಲ್ಲಿ ಆ ಕಾಗದ ತಾನಾಗಿಯೇ ನೀಲಿಯಾಗುವುದರಿಂದ ನಮ್ಮ ಮಳೆಗಾಲಕ್ಕೆ ಅದು ಹೊಂದುವುದಿಲ್ಲ. ಡಿಸೆಂಬರಿನಿಂದ ಮಾರ್ಚಿನ ಒಣ ದಿನಗಳಲ್ಲಿ ಮಾತ್ರ ಬಳಸಬೇಕು. ಇನ್ನೂ ಸರಳವಾದ ಕ್ರಮವೆಂದರೆ ಬೆಳೆಗಾರರ ಒಪ್ಪಿಗೆ ಪಡೆದು, ಔಷಧಿ ತುಂಬದ ಹೊಸ ಪಂಪಿನಲ್ಲಿ ಅಡುಗೆಯ ಬಣ್ಣ ಬೆರೆಸಿದ ನೀರನ್ನು ತುಂಬಿ ಹೊಡೆಸುವುದು. 5, 10, 20, 40 ಮೀಟರ್ ದೂರದಲ್ಲಿ ಬಿಳಿ ಬಟ್ಟೆಗಳನ್ನು ಕಟ್ಟಿ ಕಲೆಗಳನ್ನು ಎಣಿಸುವುದು. ಇದನ್ನು ಊರವರೆಲ್ಲ ನಿಂತು ನೋಡಿದ ಮೇಲೆ ನಳಿಕೆಯನ್ನು ಬದಲಾಯಿಸಬೇಕೆಂದು ಯಾರೂ ಉಪದೇಶಿಸಬೇಕಾಗಿಲ್ಲ. ಬೋರ್ಡೋ ದ್ರಾವಣವಾದರೆ ತಾನೇ ಗುರುತು ಬಿಡುತ್ತದೆ: ಅಂಗಳದ ದಾಸವಾಳದ ಎಲೆ, ಬಾವಿಕಟ್ಟೆ, ಒಣಹಾಕಿದ ಬಟ್ಟೆಯ ಮೇಲಿನ ತಿಳಿನೀಲಿ ಚುಕ್ಕೆಗಳನ್ನು ದೂರದ ಅಳತೆಯೊಂದಿಗೆ ಫೋಟೋ ತೆಗೆದಿಡಿ.

ಕ್ಯಾಲಿಫೋರ್ನಿಯಾದ ಲಿಂಡ್ಸೆ ಎಂಬ ಕಿತ್ತಳೆ ತೋಟಗಳ ಊರಿನಲ್ಲಿ ನಿವಾಸಿಗಳೇ ಮನೆಯಂಗಳದಲ್ಲಿ ಗಾಳಿಯನ್ನು ಗಾಜಿನ ನಳಿಕೆಯ ಮೂಲಕ ಹೀರುವ ಸಾಧನವಿಟ್ಟು ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಗಾಳಿಯಲ್ಲಿ ಇರುವುದನ್ನು ತೋರಿಸಿದ್ದರು. ಅಷ್ಟು ದೊಡ್ಡ ಏರ್ಪಾಡಿಗೆ ವಿಶ್ವವಿದ್ಯಾಲಯದ ಸಹಾಯ ಬೇಕು. ವಹಿ ಎರಡು ವರ್ಷ ನಡೆದ ಮೇಲೆ ಕೇಳಿದರೆ ಸಹಾಯ ಸಿಗುವ ಸಂಭವ ಹೆಚ್ಚು.

ನೀರು, ಮಣ್ಣು, ಜೀವಿಗಳು

ಜಲ ಜೀವನ ಮಿಷನ್ನಿನಡಿ ಊರಿನ ಮಹಿಳೆಯರಿಗೆ ಕೊಟ್ಟಿರುವ ನೀರಿನ ಪರೀಕ್ಷೆಯ ಕಿಟ್ಟು ಕೀಟನಾಶಕವನ್ನು ಪತ್ತೆಹಚ್ಚುವುದಿಲ್ಲ. ಅದರಲ್ಲಿ ನೀರು ಸರಿಯಿದೆಯೆಂದು ಬಂದರೆ ವಿಷವಿಲ್ಲವೆಂದು ತಿಳಿಯಬಾರದು. ಪ್ರಯೋಗಾಲಯಕ್ಕೆ ಕಳಿಸುವ ಮೊದಲು ವಹಿಯನ್ನು ತೆರೆದು, ಆ ಬಾವಿಯ ಮೇಲ್ಭಾಗದಲ್ಲಿ ಹೊಡೆದ ಎರಡು ಮೂರು ರಾಸಾಯನಿಕಗಳನ್ನು ಆರಿಸಿಕೊಳ್ಳಿ. ಮೊನೊಕ್ರೊಟೊಫಾಸ್‌ನಂಥವು ನೀರಿನಲ್ಲಿ ಸಂಪೂರ್ಣ ಕರಗಿ ಮಣ್ಣಿಗೆ ಅಂಟದೆ ಕೆಳಗಿಳಿಯುವುದರಿಂದ ಬಾವಿಯಲ್ಲಿ ಹುಡುಕಬೇಕು. ಕ್ಲೋರ್‌ಪೈರಿಫಾಸ್ ಮಣ್ಣಿಗೆ ಬಲವಾಗಿ ಅಂಟುವುದರಿಂದ ಹಳ್ಳದ ಕೆಸರಿನಲ್ಲಿ ಹುಡುಕಬೇಕು. ಕುಡಿಯುವ ನೀರಿನ ಭಾರತೀಯ ಮಾನಕದ (ಐಎಸ್ 10500, 2012) ಪ್ರಕಾರ ಒಂದು ಲೀಟರಿನಲ್ಲಿ ಮೊನೊಕ್ರೊಟೊಫಾಸ್ 1 ಮೈಕ್ರೋಗ್ರಾಂ, ಫೋರೇಟ್ 2, ಕ್ಲೋರ್‌ಪೈರಿಫಾಸ್ 30, 2,4-ಡಿ ಎಂಬ ಕಳೆನಾಶಕ 30 ಮೈಕ್ರೋಗ್ರಾಂ ಮೀರಬಾರದು.

ಮಾದರಿಯನ್ನು ಸಿಂಪಡಣೆಯ ನಂತರದ ಮೊದಲ ದೊಡ್ಡ ಮಳೆಯ ದಿನ ತೆಗೆಯಬೇಕು. ಕಂದು ಬಣ್ಣದ ಒಂದು ಲೀಟರಿನ ಗಾಜಿನ ಬಾಟಲಿಯನ್ನು ಪ್ರಯೋಗಾಲಯದಿಂದಲೇ ತರಿಸಿಕೊಂಡು, ಗಾಳಿ ಉಳಿಯದಂತೆ ತುಂಬಿ, ಬೆಳಕು ತಾಗದಂತೆ ಮಂಜುಗಡ್ಡೆಯಲ್ಲಿಟ್ಟು ಕಳಿಸಬೇಕು. ಕಾರವಾರ, ಕುಮಟಾಗಳಲ್ಲಿ ಮೀನು ಸಾಗಿಸುವ ಥರ್ಮಾಕೋಲ್ ಪೆಟ್ಟಿಗೆಯೂ ಐಸೂ ಸುಲಭವಾಗಿ ಸಿಗುತ್ತವೆ, ಆದರೆ ಪೆಟ್ಟಿಗೆ ಹೊಸದಿರಲಿ. ತೋಟಕ್ಕಿಂತ ಮೇಲಿರುವ ಅಬ್ಬಿಯ (ಬೆಟ್ಟದ ಒರತೆಯ) ನೀರಿನ ಒಂದು ಮಾದರಿ ಹೋಲಿಕೆಗೆ ಜೊತೆಗಿರಬೇಕು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕದ ಶೇಷವನ್ನು ಪರೀಕ್ಷಿಸುವ ಪ್ರಯೋಗಾಲಯವಿದೆ. ದರವನ್ನೂ ಅವರು ಹುಡುಕುವ ರಾಸಾಯನಿಕಗಳ ಪಟ್ಟಿಯನ್ನೂ ಮೊದಲೇ ಕೇಳಿಕೊಳ್ಳಿ.

ಅಡಿಕೆ ತೋಟದ ತಾಮ್ರಕ್ಕೆ ಇಷ್ಟು ಖರ್ಚು ಬೇಡ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ವರ್ಷಕ್ಕೆ ಎರಡು ಮೂರು ಸಲ ಹೊಡೆದ ತಾಮ್ರ ಮಣ್ಣಿನಲ್ಲಿಯೇ ಉಳಿಯುತ್ತಾ ಹೋಗುತ್ತದೆ, ಮತ್ತು ಮಣ್ಣು ಆರೋಗ್ಯ ಕಾರ್ಡಿನಲ್ಲಿ ತಾಮ್ರದ ಸಾಲೊಂದು ಇದ್ದೇ ಇದೆ. ಹಳೆಯ ಕಾರ್ಡುಗಳನ್ನು ಬಿಸಾಡದೆ ವಹಿಗೆ ಸೇರಿಸಿ.

ತುಡುವೆ ಜೇನಿನ ಪೆಟ್ಟಿಗೆ ಇರುವವರು ಬಾಗಿಲ ಮುಂದೆ ಸತ್ತು ಬಿದ್ದ ನೊಣಗಳನ್ನು ದಿನವೂ ಬೆಳಗ್ಗೆ ಎಣಿಸಿ ಬರೆಯಲಿ. ಕಾದಿಗೆಯ (ತೋಟದ ಬಸಿಗಾಲುವೆಯ) ಏಡಿ, ಕಪ್ಪೆ, ಮೀನು ಒಮ್ಮೆಲೇ ಸತ್ತರೆ ಆ ದಿನವನ್ನು ಗುರುತು ಹಾಕಿ. ಪೈರೆಥ್ರಾಯ್ಡುಗಳು ಮೀನಿಗೂ ಸಿಗಡಿಗೂ ಅತ್ಯಂತ ವಿಷಕಾರಿ. ಅಘನಾಶಿನಿಯ ಅಳಿವೆಯಲ್ಲಿ ಬೆಳಚು (ಚಿಪ್ಪುಮೀನು) ಆರಿಸುವವರಿಗೂ ಗಜನಿಯಲ್ಲಿ (ಅಳಿವೆಯ ಉಪ್ಪುನೀರಿನ ಗದ್ದೆಯಲ್ಲಿ) ಸಿಗಡಿ ಹಿಡಿಯುವವರಿಗೂ ಘಟ್ಟದ ಮೇಲಿನ ವಹಿಯ ವಿಷಯ ತಿಳಿಯಬೇಕಾದದ್ದು ಇದಕ್ಕಾಗಿ.

ಫಲಿತಾಂಶವನ್ನು ಏನು ಮಾಡಬೇಕು

ಹಂಗಾಮು ಮುಗಿದ ಮೇಲೆ ಹೆಸರುಗಳಿಲ್ಲದ ಎರಡು ಪುಟದ ಸಾರಾಂಶವನ್ನು ಮೊದಲು ಬೆಳೆಗಾರರಿಗೂ ಕೂಲಿಯವರಿಗೂ ಓದಿ ಹೇಳಿ, ತಪ್ಪಿದ್ದರೆ ತಿದ್ದಿಕೊಂಡು, ಆಮೇಲೆ ಗ್ರಾಮಸಭೆಯ ಮುಂದಿಡಬೇಕು. ಕೇಳುವ ಬೇಡಿಕೆ ಸಣ್ಣದೂ ಖಚಿತವಾದುದೂ ಆಗಿರಲಿ: ಸಿಂಪಡಣೆಯ ಹಿಂದಿನ ದಿನ ಪಕ್ಕದ ಮನೆಗಳಿಗೆ ಮತ್ತು ಅಂಗನವಾಡಿಗೆ ತಿಳಿಸುವುದು, ಬಾವಿಯ ಬಳಿ ಡ್ರಮ್ಮು ಇಡದಿರುವುದು, ಸೊಸೈಟಿಯಿಂದ ಕೈಗವಸು ಮತ್ತು ಕಣ್ಣಿನ ಕನ್ನಡಕ ತರಿಸುವುದು, ಖಾಲಿ ಡಬ್ಬಿಗಳನ್ನು ತೂತು ಮಾಡಿ ಒಂದೆಡೆ ಸೇರಿಸುವುದು. ವಿಷಬಾಧೆಯ ಪ್ರಕರಣ ನಡೆದಿದ್ದರೆ ಅದನ್ನು ಲಿಖಿತವಾಗಿ ತಾಲೂಕು ಆರೋಗ್ಯ ಅಧಿಕಾರಿಗೂ ಕೃಷಿ ಇಲಾಖೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ. 1968ರ ಕೀಟನಾಶಕ ಕಾಯ್ದೆಯ 26ನೇ ಕಲಮು ಇಂಥ ಪ್ರಕರಣಗಳನ್ನು ವರದಿ ಮಾಡಬೇಕೆಂದು ಆದೇಶಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ಜನ ಸತ್ತರು. ಒಂದೊಂದು ಆಸ್ಪತ್ರೆಗೆ ಒಬ್ಬೊಬ್ಬರಾಗಿ ಬರುವವರನ್ನು ಒಟ್ಟಿಗೆ ನೋಡುವ ಪಟ್ಟಿಯೊಂದು ಊರಿನಲ್ಲಿಯೇ ಇದ್ದರೆ ಎರಡನೆಯ, ಮೂರನೆಯ ಪ್ರಕರಣದಲ್ಲಿಯೇ ಎಚ್ಚರವಾಗಬಹುದು.

ಮುಂದಿನ ವಹಿಯನ್ನು ಏಪ್ರಿಲ್ ಕೊನೆಯಲ್ಲಿ ತೆರೆಯಿರಿ. ಬೋರ್ಡೋದ ಮೊದಲ ಸಿಂಪಡಣೆ ಮುಂಗಾರಿನ ಹೊಸ್ತಿಲಲ್ಲಿ ಬೀಳುತ್ತದೆ, ಶುಂಠಿಯ ಗಡ್ಡೆ ನೆಡುವುದೂ ಆಗಲೇ. ಅದಕ್ಕೆ ಮೊದಲೇ ರಕ್ತದ ಮೊದಲ ಮಾದರಿ, ಬಾವಿಯ ಮೊದಲ ಮಾದರಿ, ಸೋರುವ ಪಂಪುಗಳ ಪಟ್ಟಿ ಸಿದ್ಧವಿರಬೇಕು.